ಮಲಗಿದವನ ಹೆಸರೇನು?

ರಂಗದ ಮೇಲಿನ ಸಮ್ಮೋಹನದ ಚರಿತ್ರೆಯೆಂದರೆ ಬರೀ ಸಮ್ಮೋಹಕರ ಕಣ್ಣುಗಳ ವರ್ಣನೆ. ಈ ದಂತಕಥೆಗಳ ಬಗ್ಗೆ ನನಗೆ ತಕರಾರಿದೆ.

1841ರ ನವೆಂಬರಿನಲ್ಲಿ ಚಾರ್ಲ್ಸ್ ಲಾಫೊಂಟೇನ್ ಮ್ಯಾಂಚೆಸ್ಟರಿನಲ್ಲಿ ಪ್ರದರ್ಶನ ಕೊಟ್ಟ. ಅದನ್ನು ಅನುಮಾನದಿಂದಲೇ ನೋಡಲು ಹೋದ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್, ಸಮ್ಮೋಹನಕ್ಕೊಳಗಾದವರಿಗೆ ರೆಪ್ಪೆ ತೆರೆಯಲು ನಿಜಕ್ಕೂ ಆಗದ್ದನ್ನು ಕಂಡು, ಮನೆಯಲ್ಲೇ ಪರೀಕ್ಷೆಗಿಳಿದ. ಗೆಳೆಯನೊಬ್ಬನಿಗೆ ವೈನ್ ಬಾಟಲಿಯ ಕುತ್ತಿಗೆಯನ್ನೇ ದಿಟ್ಟಿಸಲು ಹೇಳಿದ. ಮೂರೇ ನಿಮಿಷ, ರೆಪ್ಪೆ ಮುಚ್ಚಿತು, ಕೆನ್ನೆ ಮೇಲೆ ನೀರಿಳಿಯಿತು, ತಲೆ ವಾಲಿತು. ಹೆಂಡತಿಯನ್ನು ಸಕ್ಕರೆ ಬಟ್ಟಲಿನ ಚಿತ್ತಾರದ ಮುಂದೆ ಕೂರಿಸಿದ. ಅಲ್ಲೂ ಅದೇ ಕಥೆ. ಬಾಟಲಿಗೇನು ದಿವ್ಯದೃಷ್ಟಿಯಿತ್ತೆ? ನಡೆದದ್ದೆಲ್ಲ ನೋಡುವವರೊಳಗೇ. ಸಮ್ಮೋಹಕನ ಕಣ್ಣಿನ ಮಹಿಮೆ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯಲಿಲ್ಲ. 1880ರ ಸುಮಾರಿಗೆ ಡೆನ್ಮಾರ್ಕಿನ ಕಾರ್ಲ್ ಹ್ಯಾನ್ಸೆನ್ ಯುರೋಪಿನ ನಗರಗಳಲ್ಲಿ ಮನುಷ್ಯನನ್ನು ಎರಡು ಕುರ್ಚಿಗಳ ನಡುವೆ ಹಲಗೆಯಂತೆ ಮಲಗಿಸಿ, ಮೇಲೆ ತಾನೇ ಹತ್ತುತ್ತಿದ್ದ. (ಗಟ್ಟಿಮುಟ್ಟಾದವರು ಎಚ್ಚರದಲ್ಲೂ ಸ್ವಲ್ಪ ಹೊತ್ತು ಹಾಗೆ ಮಲಗಿ ಭಾರ ಹೊರಬಲ್ಲರು.) ವಿದ್ಯಾರ್ಥಿಯಾಗಿದ್ದ ಫ್ರಾಯ್ಡ್ ಇವನ ಪ್ರದರ್ಶನ ನೋಡಿ ಸಮ್ಮೋಹನ ಸುಳ್ಳಲ್ಲವೆಂದು ನಂಬಿದ. ಇದನ್ನು ಹ್ಯಾನ್ಸೆನ್‌ನ ಕಿರೀಟಕ್ಕೆ ಗರಿಯೆಂದು ಸಿಕ್ಕಿಸುತ್ತಾರೆ. ಆದರೆ ಫ್ರಾಯ್ಡ್ ಕೊಟ್ಟ ಕಾರಣವೇ ಬೇರೆ: ಮೈ ಸೆಟೆದ ಒಬ್ಬನ ಮುಖ ಹೆಣದಂತೆ ಬಿಳಿಚಿ, ಸೆಟೆತ ಇಳಿಯುವವರೆಗೂ ಹಾಗೇ ಇತ್ತು. ಅವನನ್ನು ಒಪ್ಪಿಸಿದ್ದು ಆ ಮುಖ. ಅದು ಯಾರದೆಂದು ಫ್ರಾಯ್ಡ್ ಕೂಡ ಬರೆಯಲಿಲ್ಲ.

ಹಾಗೆ ಬಿಳಿಚಿದವರ ಬಗ್ಗೆ ಯೋಚಿಸಿದ್ದು ಚರಿತ್ರಕಾರರಿಗಿಂತ ಮೊದಲು ಕಾನೂನು. 21 ವರ್ಷದೊಳಗಿನವರನ್ನು ಇಂಥ ಪ್ರದರ್ಶನದಲ್ಲಿ ಸಮ್ಮೋಹನಕ್ಕೆ ಒಳಪಡಿಸಕೂಡದೆಂದು ಬ್ರಿಟನ್ 1952ರಲ್ಲಿ ಕಾಯ್ದೆಯನ್ನೇ ಮಾಡಿತು.