ಎಲೆಕ್ಟ್ರಿಕ್ ಕಾರಿಗೆ ತಕ್ಕ ಟೈರ್ ಸಿಗಲಿ



ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಲ್ಲೂ ಎಲೆಕ್ಟ್ರಿಕ್ ಕಾರುಗಳ ಓಡಾಟ ಕಾಣುತ್ತಿದೆ. ಬ್ಯಾಟರಿಯಿಂದಾಗಿ ಇವು ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಭಾರ. ಮೋಟಾರಿನ ಎಳೆತವೂ ಒಮ್ಮೆಲೇ ಚಕ್ರದ ಮೇಲೆ ಬೀಳುವುದರಿಂದ ಟೈರ್ ಬೇಗ ಸವೆಯುತ್ತದೆ. ಆದರೆ ಬದಲಿಸಲು ಹೋದರೆ ಅಳತೆಯೊಂದನ್ನೇ ನೋಡಿ, ಅಂಗಡಿಯಲ್ಲಿ ಇದ್ದದ್ದನ್ನು ಹಾಕಿಕೊಡುವುದೇ ಹೆಚ್ಚು.

ಟೈರಿನ ಬದಿಯಲ್ಲಿ ಅಳತೆಯ ಪಕ್ಕದಲ್ಲೇ ಭಾರ ಸೂಚಿಸುವ ಸಂಖ್ಯೆಯೂ ಇರುತ್ತದೆ. 91 ಎಂದಿದ್ದರೆ ಒಂದು ಟೈರ್ ಹೊರಬಲ್ಲದ್ದು 615 ಕಿಲೊ. 95 ಎಂದಿದ್ದರೆ 690 ಕಿಲೊ. ಕಂಪನಿ ಸೂಚಿಸಿದ್ದಕ್ಕಿಂತ ಕಡಿಮೆ ಸಂಖ್ಯೆಯ ಟೈರ್ ಹಾಕಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮಲೆ ಮಹದೇಶ್ವರ ಬೆಟ್ಟದ ಅಥವಾ ಬಿಳಿಗಿರಿರಂಗನ ಬೆಟ್ಟದ ತಿರುವುಗಳನ್ನು ಇಳಿಯುವುದು ಅಪಾಯ. ಸವೆತದ ವಿಷಯದಲ್ಲಿ, ಕಾರಿನ ಟೈರಿನ ಗ್ರಿಪ್ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದೆಂಬ ನಿಯಮವೂ ಇದೆ.

ಸಾರಿಗೆ ಇಲಾಖೆಯು ಮೂರೂ ತಾಲ್ಲೂಕುಗಳಲ್ಲಿ ಟೈರ್ ವ್ಯಾಪಾರಿಗಳಿಗೂ ವಾಹನ ಮಾಲೀಕರಿಗೂ ಮಾಹಿತಿ ಶಿಬಿರ ನಡೆಸಲಿ. ಭಾರದ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಟೈರ್ ಅಂಗಡಿಯಲ್ಲೂ ತೂಗುಹಾಕಿಸಲಿ. ಜಾತ್ರೆಯ ದಿನಗಳಲ್ಲಿ ಬೆಟ್ಟ ಹತ್ತುವ ಮುನ್ನವೇ ಟೈರ್ ತಪಾಸಣೆಗೆ ವ್ಯವಸ್ಥೆ ಮಾಡಲಿ. ಮಾಲೀಕರೂ ನಾಲ್ಕು ಕಾಸು ಉಳಿಸಲು ಹೋಗಿ ಜೀವಕ್ಕೆ ಕುತ್ತು ತಂದುಕೊಳ್ಳದಿರಲಿ.

– ಓರ್ವ ಓದುಗ, ಕೊಳ್ಳೇಗಾಲ