ನೂರು ಪೌಂಡಿನ ಕಾಗದ ಬಂತಾ? ಮೊದಲು ದಿನಾಂಕ ನೋಡಿ

ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಯಾವ ವಾಟ್ಸಾಪ್ ಗ್ರೂಪ್ ತೆಗೆದರೂ ಈ ಫೋಟೋ ಆಗಾಗ ಬರುತ್ತಲೇ ಇರುತ್ತೆ. ಸೂಪರ್‌ಮಾರ್ಕೆಟ್ ಕಾರ್ ಪಾರ್ಕಿಗೆ ನಿಮ್ಮ ಕಾರು ಒಳಗೆ ಹೋದ ಚಿತ್ರ, ಹೊರಗೆ ಬಂದ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ 100 ಪೌಂಡ್. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗೂ ಮೇಲೆ! ಊರಿಂದ ಬಂದ ಅಪ್ಪ ಅಮ್ಮನ ಜೊತೆ ನಿಧಾನವಾಗಿ ಸಾಮಾನು ಆರಿಸುತ್ತಾ ಎರಡು ಗಂಟೆ ದಾಟಿದರೆ ಸಾಕು, ಕಾಗದ ಮನೆಗೆ ಬರುತ್ತೆ.

ಗ್ರೂಪಿನಲ್ಲಿ ತಕ್ಷಣ ಎರಡು ಉತ್ತರ. ಒಬ್ಬರು, "ಸುಮ್ನೆ ಕಟ್ಬಿಡಿ, ವೀಸಾ ಮೇಲಿದ್ದೀರಿ, ಯಾಕೆ ತಲೆನೋವು." ಇನ್ನೊಬ್ಬರು, "ಹರಿದು ಬಿಸಾಕಿ ಗುರೂ, ಏನೂ ಆಗಲ್ಲ." ಎರಡನೆಯದು ಬಲು ದುಬಾರಿ ಸಲಹೆ. ಮೊದಲನೆಯದೂ ಬಹಳ ಸಲ ಅನಗತ್ಯ ಖರ್ಚು.

ಮೊದಲು ಕಾಗದದ ತಲೆಬರಹ ನೋಡಿ. 'ಪೆನಾಲ್ಟಿ ಚಾರ್ಜ್ ನೋಟಿಸ್' ಅಂತಿದ್ದರೆ ಅದು ಸಾಮಾನ್ಯವಾಗಿ ಕೌನ್ಸಿಲ್‌ನದು, ಅದರ ದಾರಿಯೇ ಬೇರೆ. 'ಪಾರ್ಕಿಂಗ್ ಚಾರ್ಜ್ ನೋಟಿಸ್' ಅಂತಿದ್ದರೆ ಖಾಸಗಿ ಕಂಪನಿಯದು. ಎರಡನ್ನೂ ಪಿಸಿಎನ್ ಅಂತಲೇ ಕರೆಯೋದರಿಂದ ಗೊಂದಲ. ಖಾಸಗಿಯದು ಸರ್ಕಾರಿ ದಂಡ ಅಲ್ಲ, ಅಪರಾಧವೂ ಅಲ್ಲ. ಬೋರ್ಡಿನಲ್ಲಿ ಬರೆದ ಷರತ್ತು ಒಪ್ಪಿ ಕಾರು ನಿಲ್ಲಿಸಿ, ಆಮೇಲೆ ಮೀರಿದಿರಿ ಅನ್ನುವ ಸಿವಿಲ್ ಬಾಕಿ. ಕಂಪನಿಗೆ ನಿಮ್ಮ ವಿಳಾಸ ಸಿಕ್ಕಿದ್ದು ವಾಹನ ನೋಂದಣಿ ಇಲಾಖೆ ಡಿವಿಎಲ್‌ಎಯಿಂದ, ಒಂದು ದಾಖಲೆಗೆ ಎರಡೂವರೆ ಪೌಂಡ್ ಕೊಟ್ಟು.

ಹಾಗಾದ್ರೆ ಹರಿದು ಹಾಕಬಹುದಲ್ವಾ? ಆ ಕಾಲ ಮುಗೀತು. 2013ರಲ್ಲಿ ಚೆಲ್ಮ್ಸ್‌ಫರ್ಡ್‌ನ ಒಂದು ರಿಟೇಲ್ ಪಾರ್ಕಿನಲ್ಲಿ ಬ್ಯಾರಿ ಬೀವಿಸ್ ಅನ್ನುವವರು ಎರಡು ಗಂಟೆಯ ಮಿತಿಗಿಂತ 56 ನಿಮಿಷ ಹೆಚ್ಚು ಕಾರು ನಿಲ್ಲಿಸಿದ್ದರು. ಪಾರ್ಕಿಂಗ್‌ಐ ಕಂಪನಿ 85 ಪೌಂಡ್ ಕೇಳಿತು. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು, 2015ರ ನವೆಂಬರ್‌ನಲ್ಲಿ ಸೋತರು. ಬೋರ್ಡು ಸ್ಪಷ್ಟವಾಗಿದ್ದು ಮೊತ್ತ ಮಿತಿಯಲ್ಲಿದ್ದರೆ ಇಂಥ ಚಾರ್ಜ್ ವಸೂಲಿ ಮಾಡಬಹುದು ಅಂತ ಅಂದೇ ತೀರ್ಮಾನವಾಯಿತು.

ಈಗ ಮಾಡಬೇಕಾದ್ದು ಏನು? ಮೊದಲ ಹೆಜ್ಜೆ ಪಾರ್ಕಿಂಗ್ ಕಂಪನಿಯ ಹತ್ತಿರ ಅಲ್ಲ, ಅಂಗಡಿಯ ಕಸ್ಟಮರ್ ಸರ್ವಿಸ್ ಡೆಸ್ಕಿಗೆ. ಆ ದಿನದ ರಸೀದಿ ಅಥವಾ ಬ್ಯಾಂಕ್ ಆ್ಯಪಿನಲ್ಲಿರುವ ಪಾವತಿ ತೋರಿಸಿ, ಮ್ಯಾನೇಜರನ್ನ ಕೇಳಿ, "ನಾವು ನಿಮ್ಮ ಗಿರಾಕಿಗಳು, ಇದನ್ನ ಕ್ಯಾನ್ಸಲ್ ಮಾಡಿಸಿ" ಅನ್ನಿ. ಪಾರ್ಕಿಂಗ್ ಕಂಪನಿಯನ್ನ ಕರೆದು ಕೂರಿಸಿದ್ದು ಸಾಮಾನ್ಯವಾಗಿ ಅಂಗಡಿಯೋ ಜಾಗದ ಮಾಲೀಕರೋ. ಅವರು ಒಂದು ಇಮೇಲ್ ಹಾಕಿದರೆ ಎಷ್ಟೋ ಕಾಗದಗಳು ಅಲ್ಲೇ ರದ್ದಾಗುತ್ತವೆ.

ಅಲ್ಲಿ ಆಗಲಿಲ್ಲ ಅಂದ್ರೆ ದಿನಾಂಕ ಲೆಕ್ಕ ಹಾಕಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯ್ದೆ ಇದೆ. ಕಾರಿನ ಮೇಲೆ ಟಿಕೆಟ್ ಅಂಟಿಸದೆ ಬರೀ ಕ್ಯಾಮೆರಾ ನೋಡಿ ಕಳಿಸಿದ ನೋಟಿಸು, ಪಾರ್ಕ್ ಮಾಡಿದ ಮರುದಿನದಿಂದ ಎಣಿಸಿ 14 ದಿನದೊಳಗೆ ತಲುಪಬೇಕು. ತಡವಾದರೆ ನೋಂದಾಯಿತ ಕೀಪರ್ ಅನ್ನುವ ಕಾರಣಕ್ಕೇ ನಿಮ್ಮಿಂದ ವಸೂಲಿ ಮಾಡೋ ಹಾಗಿಲ್ಲ, ಓಡಿಸಿದವರನ್ನೇ ಹಿಡಿಯಬೇಕು. ಯಾರು ಓಡಿಸ್ತಿದ್ದರು ಅಂತ ಖಾಸಗಿ ಕಂಪನಿಗೆ ಹೇಳಲೇಬೇಕು ಅನ್ನುವ ನಿಯಮವೂ ಇಲ್ಲ. ಹಾಗಾಗಿ ಪತ್ರದಲ್ಲಿ "ನಾನು ಕಾರು ನಿಲ್ಲಿಸಿದ್ದೆ" ಅಂತ ಶುರು ಮಾಡಬೇಡಿ. "ನಾನು ಈ ವಾಹನದ ಕೀಪರ್" ಅಂದರೆ ಸಾಕು, ಅದು ನಿಜವೂ ಹೌದು. ಸುಳ್ಳು ಮಾತ್ರ ಬೇಡ. ಹಾಗೆಯೇ, ಪೊಲೀಸರ ಸ್ಪೀಡಿಂಗ್ ನೋಟಿಸಿಗೆ ಈ ಸೂತ್ರ ನಡೆಯಲ್ಲ. ಅಲ್ಲಿ ಹೆಸರು ಹೇಳಲೇಬೇಕು.

ಕ್ಯಾಮೆರಾ ತಪ್ಪು ಮಾಡೋದೂ ಇದೆ. ಬೆಳಿಗ್ಗೆ ಹಾಲಿಗೆ ಹೋಗಿ, ಸಂಜೆ ಕೊತ್ತಂಬರಿ ಸೊಪ್ಪಿಗೆ ಮತ್ತೆ ಹೋದಿರಿ ಅಂತಿಟ್ಟುಕೊಳ್ಳಿ. ನಡುವಿನ ಒಂದು ಹೊರಹೋಗುವಿಕೆ, ಒಂದು ಒಳಬರುವಿಕೆ ದಾಖಲಾಗದಿದ್ದರೆ ದಿನವಿಡೀ ಅಲ್ಲೇ ಇದ್ದಿರಿ ಅಂತ ಕಾಗದ ಬರುತ್ತೆ. ಫೋನಿನ ಲೊಕೇಶನ್ ಹಿಸ್ಟರಿ, ಆಫೀಸಿನ ಹಾಜರಿ, ಬೇರೆ ಕಡೆ ಕಾರ್ಡ್ ಉಜ್ಜಿದ ಸಮಯ, ಇವೆಲ್ಲ ಸಾಕ್ಷಿ. ಮಿತಿ ಮೀರಿದ್ದು ಹತ್ತು ನಿಮಿಷದೊಳಗೆ ಇದ್ದರೆ ಉದ್ಯಮದ ನೀತಿಸಂಹಿತೆಯ ಗ್ರೇಸ್ ಪೀರಿಯಡ್ ನೆನಪಿಸಿ. ಅಮ್ಮನ ಮಂಡಿನೋವು ಅಂಗವೈಕಲ್ಯದ ಮಟ್ಟದ್ದಾಗಿ, ಅದಕ್ಕೇ ತಡವಾಗಿದ್ದರೆ 2010ರ ಈಕ್ವಾಲಿಟಿ ಕಾಯ್ದೆಯ ಮಾತು ಬರೆಯಿರಿ.

ಆಕ್ಷೇಪಣೆ ಮೊದಲು ಕಂಪನಿಗೆ. ತಿರಸ್ಕರಿಸಿದರೆ ಆ ಕಂಪನಿ ಯಾವ ಸಂಘದ ಸದಸ್ಯ ಅನ್ನೋದರ ಮೇಲೆ ಪೊಪ್ಲಾ ಅಥವಾ ಐಎಎಸ್‌ಗೆ ಮೇಲ್ಮನವಿ. ಪೊಪ್ಲಾಗೆ ಶುಲ್ಕ ಇಲ್ಲ. ಅಲ್ಲಿ ನೀವು ಗೆದ್ದರೆ ಕಂಪನಿ ಒಪ್ಪಲೇಬೇಕು. ಸೋತರೂ ಕೋರ್ಟಿನಲ್ಲಿ ವಾದಿಸುವ ಹಕ್ಕು ನಿಮಗೆ ಉಳಿದಿರುತ್ತೆ. ಆದರೆ ಮೇಲ್ಮನವಿಗೆ ಹೋದರೆ 14 ದಿನದ ರಿಯಾಯಿತಿ ಸಾಮಾನ್ಯವಾಗಿ ಕೈತಪ್ಪುತ್ತೆ. ಆದ್ದರಿಂದ ಬೋರ್ಡು ಕಣ್ಣಿಗೆ ಕಾಣುವ ಹಾಗಿತ್ತು, ಸಮಯ ಮೀರಿದ್ದೂ ನಿಜ, ಅಂಗಡಿಯವರೂ ಕೈಯೆತ್ತಿದರು ಅಂದರೆ, 60 ಪೌಂಡ್ ಕಟ್ಟಿ ಮುಗಿಸೋದೇ ಜಾಣತನ. ಅದರಲ್ಲಿ ಅವಮಾನವೇನಿಲ್ಲ.

ಸುಮ್ಮನೆ ಕೂರೋದು ಮಾತ್ರ ಬೇಡ. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅಂತಾರೆ ನಮ್ಮಲ್ಲಿ. ಈ ದೊಣ್ಣೆ ಬೀಸೋಕೆ ಕಂಪನಿಗೆ ಆರು ವರ್ಷ ಕಾಲಾವಕಾಶ ಇದೆ. ಮೊದಲು ಸಾಲ ವಸೂಲಿಯವರ ಕೆಂಪಕ್ಷರದ ಪತ್ರಗಳು ಬರುತ್ತವೆ. ಅವರಿಗೆ ಮನೆಯೊಳಗೆ ಬರುವ ಅಧಿಕಾರ ಇಲ್ಲ, ಹೆದರಬೇಡಿ. 'ಲೆಟರ್ ಬಿಫೋರ್ ಕ್ಲೈಮ್' ಅಂತ ಬಂದರೆ ಉತ್ತರ ಬರೆಯಿರಿ. ಕೌಂಟಿ ಕೋರ್ಟಿನ ಕ್ಲೈಮ್ ಫಾರ್ಮ್ ಬಂದರೆ 14 ದಿನದೊಳಗೆ ಸ್ಪಂದಿಸಲೇಬೇಕು. ಸ್ವೀಕೃತಿ ತಿಳಿಸಿದರೆ ವಾದ ಬರೆಯೋಕೆ ಒಟ್ಟು 28 ದಿನ ಸಿಗುತ್ತೆ. ಉತ್ತರಿಸದಿದ್ದರೆ ನಿಮ್ಮ ಮಾತು ಕೇಳದೆಯೇ ತೀರ್ಪು, ಅಂದರೆ ಸಿಸಿಜೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟದಿದ್ದರೆ ಅದು ಆರು ವರ್ಷ ದಾಖಲೆಯಲ್ಲಿ ಉಳಿಯುತ್ತೆ. ಮನೆ ಸಾಲಕ್ಕೆ, ಬಾಡಿಗೆ ಮನೆಗೆ ಅಡ್ಡ ಬರುತ್ತೆ. ಬ್ರಿಟಿಷ್ ಪೌರತ್ವದ ಅರ್ಜಿಯಲ್ಲೂ ಸಿವಿಲ್ ತೀರ್ಪುಗಳ ಪ್ರಶ್ನೆ ಇದೆ. ಕಾರ್ ಪಾರ್ಕಿನ ಅರ್ಧ ಗಂಟೆಗೆ ಅಲ್ಲಿ ಉತ್ತರ ಬರೆಯೋ ಹಾಗಾಗಬಾರದು.

ಇದು ಹೆಚ್ಚಾಗಿ ಆಗೋದು ಬಾಡಿಗೆ ಮನೆ ಬದಲಿಸುತ್ತಾ ಇರುವ ನಮ್ಮಂಥವರಿಗೆ. ರೆಡಿಂಗ್‌ನಿಂದ ಮಿಲ್ಟನ್ ಕೀನ್ಸ್‌ಗೆ ಬಂದು, ಬ್ಯಾಂಕಿಗೆ, ಆಫೀಸಿಗೆ, ಅಮೆಜಾನಿಗೆ ಹೊಸ ವಿಳಾಸ ಕೊಟ್ಟಿರುತ್ತೀವಿ. ಕಾರಿನ ಲಾಗ್‌ಬುಕ್, ಅದೇ ವಿ5ಸಿ, ಹಳೇ ವಿಳಾಸದಲ್ಲೇ ಇರುತ್ತೆ. ನೋಟಿಸು, ಕೋರ್ಟ್ ಕಾಗದ ಎಲ್ಲ ಹಳೇ ಮನೆಯ ಬಾಗಿಲಲ್ಲಿ ಬಿದ್ದಿರುತ್ತೆ. ವಿಳಾಸ ಬದಲಿಸೋದು ಆನ್‌ಲೈನ್‌ನಲ್ಲಿ ಉಚಿತ, ಐದು ನಿಮಿಷದ ಕೆಲಸ. ಇವತ್ತು ಸಂಜೆ ಕಾಫಿ ಕುಡಿಯುತ್ತಾ ಅದನ್ನೊಂದು ಮಾಡಿಬಿಡಿ. ಡ್ರೈವಿಂಗ್ ಲೈಸೆನ್ಸಿನದು ಬೇರೆ ಅರ್ಜಿ, ಅದನ್ನೂ ಮರೀಬೇಡಿ.