ಗರ್ಭಾಶಯವಿಲ್ಲದ ಹೆಣ್ಣು ಅಪೂರ್ಣಳೇ?

ಚಾಮರಾಜಪೇಟೆಯಿಂದ ವಾಣಿ ವಿಲಾಸ ಆಸ್ಪತ್ರೆಗೆ ನಡೆದೇ ಹೋಗಬಹುದು. ಆದರೂ 15 ದಾಟಿದ ಮಗಳು ಇನ್ನೂ ಋತುಮತಿಯಾಗದಿದ್ದರೆ ನಮ್ಮಲ್ಲಿ ಅನೇಕರು ಮೊದಲು ಹುಡುಕುವುದು ವೈದ್ಯರನ್ನಲ್ಲ, ತಾಯಿತ ಕಟ್ಟುವವರನ್ನು. ಗರ್ಭಾಶಯವೇ ಬೆಳೆದಿಲ್ಲವೆಂದು ಸ್ಕ್ಯಾನಿಂಗ್‌ನಲ್ಲಿ ತಿಳಿದ ಮೇಲಂತೂ ಮಯ್ಯಿತ್ ಇಟ್ಟ ಮನೆಯ ಮೌನ. ತಂದೆಗೆ ಗೊತ್ತು, ಚಿಕ್ಕಮ್ಮನಿಗೆ ಗೊತ್ತು, ಮದುವೆಯ ದಲ್ಲಾಳಿಗೂ ಸುಳಿವು ಸಿಕ್ಕಿರುತ್ತದೆ. ಗೊತ್ತಿಲ್ಲದಿರುವುದು ಆ ಹುಡುಗಿಗೆ ಮಾತ್ರ.

ವೈದ್ಯರು ಇದನ್ನು ಎಂ.ಆರ್.ಕೆ.ಎಚ್. ಸಿಂಡ್ರೋಮ್ ಎನ್ನುತ್ತಾರೆ. ಸುಮಾರು 4,500ರಿಂದ 5,000 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇದು ಹುಟ್ಟಿನಿಂದಲೇ ಇರುತ್ತದೆ. ಭ್ರೂಣಾವಸ್ಥೆಯಲ್ಲಿ ಗರ್ಭಾಶಯವೂ ಯೋನಿಯ ಮೇಲ್ಭಾಗವೂ ಪೂರ್ಣವಾಗಿ ರೂಪುಗೊಂಡಿರುವುದಿಲ್ಲ. ಅಂಡಾಶಯಗಳು ಸಾಮಾನ್ಯವಾಗಿ ಸರಿಯಾಗಿಯೇ ಕೆಲಸ ಮಾಡುತ್ತವೆ, ವರ್ಣತಂತುಗಳೂ ಹೆಣ್ಣಿನವೇ. ಆದ್ದರಿಂದ ಅವಳು ಇತರ ಹುಡುಗಿಯರಂತೆಯೇ ಬೆಳೆಯುತ್ತಾಳೆ. ಕೆಲವರಲ್ಲಿ ಮೂತ್ರಪಿಂಡದ ದೋಷವೂ ಇರುವುದರಿಂದ ಅದರ ಪರೀಕ್ಷೆ ಅಗತ್ಯ. ಯೋನಿಮಾರ್ಗವನ್ನು ಕ್ರಮೇಣ ಹಿಗ್ಗಿಸುವ, ಶಸ್ತ್ರಚಿಕಿತ್ಸೆಯಿಲ್ಲದ ವಿಧಾನವೇ ಚಿಕಿತ್ಸೆಯ ಮೊದಲ ಆಯ್ಕೆ. ಅದಕ್ಕೂ ಅವಸರವಿಲ್ಲ, ಅವಳ ಮನಸ್ಸು ಸಿದ್ಧವಾಗಬೇಕು. ನಿಕಾಹ್‌ಗೆ ದಿನ ಗೊತ್ತುಮಾಡಿ ಮಗಳನ್ನು ಆಪರೇಷನ್‌ಗೆ ಒಯ್ಯುವುದು ಯಾರಿಗಾಗಿ ಮಾಡುವ ಚಿಕಿತ್ಸೆ?

ಇದು ದೈವಶಿಕ್ಷೆ ಎನ್ನುವವರು ಪವಿತ್ರ ಕುರ್‌ಆನಿನ ಅಶ್ಶೂರಾ ಅಧ್ಯಾಯದ 49 ಮತ್ತು 50ನೇ ಸೂಕ್ತಗಳನ್ನು ಓದಿರಲಾರರು. ಗಂಡು ಹೆಣ್ಣು ಮಕ್ಕಳನ್ನು ಕರುಣಿಸುವ ಅಲ್ಲಾಹನೇ ತಾನಿಚ್ಛಿಸಿದವರನ್ನು ಸಂತಾನರಹಿತರನ್ನಾಗಿಯೂ ಇಡುತ್ತಾನೆಂದು ಅಲ್ಲಿದೆ; ಅವರ ಪಾಪದ ಪ್ರಸ್ತಾಪ ಅಲ್ಲಿಲ್ಲ. ಹಝ್ರತ್ ಆಯಿಶಾ(ರ) ಮಕ್ಕಳನ್ನು ಹೆರಲಿಲ್ಲ. ಅಕ್ಕನ ಮಗ ಅಬ್ದುಲ್ಲಾ ಬಿನ್ ಝುಬೈರ್(ರ)ರ ಹೆಸರಿನಿಂದ ಅವರು ಉಮ್ಮು ಅಬ್ದುಲ್ಲಾ ಎನಿಸಿಕೊಂಡರು. ಹಿರಿಯ ಸಹಾಬಿಗಳು ಧಾರ್ಮಿಕ ಸಂದೇಹಗಳ ಪರಿಹಾರಕ್ಕೆ ಅವರ ಬಾಗಿಲಿಗೆ ಬಂದರು. ಅವರನ್ನು ಬಂಜೆ ಎನ್ನಲು ನಮ್ಮ ನಾಲಿಗೆ ಏಳುವುದೇ? ಮತ್ತೆ ನೆರೆಮನೆಯ ಹುಡುಗಿಯ ವಿಷಯದಲ್ಲಿ ಅದೇಕೆ ಇಷ್ಟು ಸರಾಗವಾಗಿ ಹೊರಳುತ್ತದೆ?

ಮುಚ್ಚಿಟ್ಟು ಮದುವೆ ಮಾಡಿಬಿಡೋಣ, ಆಮೇಲೆ ಅಲ್ಲಾಹನಿದ್ದಾನೆ ಎನ್ನುವ ಹಿರಿಯರಿದ್ದಾರೆ. ಇದು ತವಕ್ಕುಲ್ ಅಲ್ಲ, ವಂಚನೆ. ದಾಂಪತ್ಯಕ್ಕೆ ಅಡ್ಡಿಯಾಗುವ ದೈಹಿಕ ಸ್ಥಿತಿಯಿದ್ದರೆ ನಿಕಾಹ್ ರದ್ದುಗೊಳಿಸುವ ಹಕ್ಕಿದೆಯೇ ಎಂಬುದನ್ನು ಫಿಕ್ಹ್ ಗ್ರಂಥಗಳು ಶತಮಾನಗಳ ಹಿಂದೆಯೇ ಚರ್ಚಿಸಿವೆ. ಮದುವೆಯಾದ ವಾರದಲ್ಲೇ ತವರಿಗೆ ಮರಳಬೇಕಾದವಳು ಅವಳು, ಸಲಹೆ ಕೊಟ್ಟ ಹಿರಿಯರಲ್ಲ. ವರನಿಗೆ ಮೊದಲೇ ತಿಳಿಯಲೇಬೇಕು. ಆದರೆ ಅವಳ ಒಪ್ಪಿಗೆಯಿಂದ, ಊರಿಗೆಲ್ಲ ಡಂಗುರವಾಗದಂತೆ. ಅದು ಅವಳ ಅಮಾನತ್. ಮಕ್ಕಳಿರುವ ವಿಧುರನಿಗೆ ಕೊಟ್ಟುಬಿಡಿ ಎಂಬ ಮಾತೂ ಕೂಡಲೇ ಬರುತ್ತದೆ. ಅವಳು ಒಪ್ಪಿದರೆ ಅದರಲ್ಲಿ ತಪ್ಪೇನಿಲ್ಲ. ಅವಳನ್ನು ಕೇಳಿದ್ದೀರಾ?